ಪುಂಡಿ ನಾರಿನ ಹನ್ನೊಂದು ಕಂಬ

ಕಂಬಕ್ಕೆ ಕಿವಿ ಬಂದರೆ ಹೇಗೆ ಎಂದು ಮೊದಲು ಕೇಳಿದವಳು ಎಂಜಿನಿಯರ್ ಅನಸೂಯಾ ಕೆಲೂರ. ಮೂರು ವರ್ಷ ಒಂದರ ಬೆನ್ನಿಗೊಂದು ಬಿರುಗಾಳಿ ಬಂದು ಕೊಪ್ಪಳ ಸೀಮೆಯ ಸಿಮೆಂಟ್ ಕಂಬಗಳನ್ನೆಲ್ಲ ನೆಲಕ್ಕೆ ಮಲಗಿಸಿದ ಕಾಲವದು. ಬಿದ್ದ ಕಂಬ ಎತ್ತಲು ಕ್ರೇನ್ ಬರಬೇಕು, ಕ್ರೇನ್ ಬರಲು ದಾರಿ ಬೇಕು, ದಾರಿಯ ಮೇಲೆ ನೋಡಿದರೆ ಕಂಬ ಬಿದ್ದಿರುತ್ತಿತ್ತು. ಇಬ್ಬರು ಹೆಗಲ ಮೇಲೆ ಹೊತ್ತು ಒಯ್ಯುವಂಥ ಹಗುರ ಕಂಬ ಸಿಕ್ಕೀತೇ ಎಂದು ಹೊಸದಾಗಿ ಹುಟ್ಟಿದ್ದ ವಿದ್ಯುತ್ ಸಹಕಾರ ಸಂಘದವರು ಕೇಳಿದಾಗ, ಅನಸೂಯಾ ಪುಂಡಿ ನಾರು ಮತ್ತು ಗಾಜಿನ ಎಳೆ ಸೇರಿಸಿ ಸುತ್ತಿದ ಕಂಬವೊಂದನ್ನು ತಂದು ಅವರ ಅಂಗಳದಲ್ಲಿ ನಿಲ್ಲಿಸಿದಳು.

ಪುಂಡಿ ಎಂದರೆ ಬೇರೆ ಯಾವುದೋ ಅಲ್ಲ, ಪಲ್ಯ ಮಾಡಿ ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಅದೇ ಪುಂಡಿ. ಎಲೆ ತಿಂದು ದಂಟು ಬಿಸಾಡುವ ನಾವು ಅದರೊಳಗಿನ ನಾರನ್ನು ಹಗ್ಗ ಹೊಸೆಯುವವರಿಗೆ ಬಿಟ್ಟು ಸುಮ್ಮನಿದ್ದೆವು. ಗಾಜಿನ ಎಳೆ ಬಲು ಗಟ್ಟಿ, ಆದರೆ ತಡೆಯುವಷ್ಟು ತಡೆದು ಹೇಳದೆ ಕೇಳದೆ ಮುರಿಯುತ್ತದೆ. ಪುಂಡಿ ನಾರಿಗೆ ಅಷ್ಟು ಬಲವಿಲ್ಲ, ಆದರೆ ಬಾಗುತ್ತದೆ, ಗಾಳಿಯ ಅಲುಗಾಟವನ್ನು ನುಂಗಿಕೊಳ್ಳುತ್ತದೆ, ಒಂದು ಎಳೆ ಹರಿದರೆ ಪಕ್ಕದ್ದು ಹಿಡಿದುಕೊಳ್ಳುತ್ತದೆ. ಹೊರಗೆ ಗಾಜು, ಒಳಗೆ ಪುಂಡಿ, ಎರಡನ್ನೂ ಬಿಡದಂತೆ ಹಿಡಿಯುವುದಕ್ಕೆ ರಾಳ. ಹೊರಪದರದ ಗಾಜಿನಲ್ಲಿ ನಾಲ್ಕು ಎಳೆಗಳನ್ನು ಅವಳು ಬೆಳಕು ಹಾಯಿಸಲೆಂದೇ ಇಟ್ಟಿದ್ದಳು. ಕಂಬ ಬಾಗಿದರೆ ಬೆಳಕು ಕೊಂಚ ಕದಲುತ್ತದೆ, ಆ ಕದಲಿಕೆ ನಿಯಂತ್ರಣ ಕೋಣೆಯ ಗೋಡೆಯ ಮೇಲೆ ಚುಕ್ಕೆಯಾಗಿ ಕಾಣುತ್ತದೆ. ಹಸಿರಿದ್ದರೆ ಕಂಬ ಸುಖವಾಗಿದೆ, ಹಳದಿಯಾದರೆ ನೋಯುತ್ತಿದೆ, ಕೆಂಪಾದರೆ ಯಾರೂ ಏರಕೂಡದು. ಇದನ್ನೇ ಅವಳು ಕಿವಿ ಎಂದದ್ದು.

ಎರಡು ವರ್ಷದಲ್ಲಿ ಮುನ್ನೂರ ನಲವತ್ತು ಕಂಬ ಎದ್ದು ನಿಂತವು. ನಾರು ಕೊಡುವವರು ಹೊನ್ನಗುಡ್ಡದ ಹಗ್ಗದ ಹೆಣ್ಣುಮಕ್ಕಳು. ಹೊಂಡದಲ್ಲಿ ಕೊಳೆಹಾಕಿ ಸುಲಿದ ನಾರನ್ನು ಅನಸೂಯಾ ನಡೆಸುವ ನಾರು ಕೇಂದ್ರದಲ್ಲಿ ಸೋಡಾ ನೀರಿನಲ್ಲಿ ತೊಳೆದು, ವಿದ್ಯುತ್ ಒಲೆಯಲ್ಲಿ ಗರಿಗರಿ ಒಣಗಿಸಿ, ಎಳೆ ಬಿಡಿಸಿ ಸುತ್ತುವ ಯಂತ್ರಕ್ಕೆ ಕೊಡುವುದು ಅವರ ಕೆಲಸ. ಅವರಲ್ಲಿ ಹುಲಿಗೆವ್ವನದೇ ಒಂದು ತೂಕ. ಅರವತ್ತು ದಾಟಿದ ಹೆಂಗಸು, ಏಳು ವರ್ಷದವಳಿದ್ದಾಗಿನಿಂದ ಹಗ್ಗ ಹೊಸೆದವಳು. ಒಂದು ದಿನ ಅನಸೂಯಾ ಅವಳ ಎಳೆಗಳನ್ನು ಎತ್ತಿ ಹಿಡಿದು, ನೋಡಿ ಕಲೀರಿ, ಒಂದು ಕೂದಲೂ ಕೆದರಿಲ್ಲ ಎಂದು ಎಲ್ಲರೆದುರು ಹೊಗಳಿದ್ದಳು. ಉಳಿದವರ ನಾರು ಕೆದರಿರುವಾಗ ಇವಳದು ಮಾತ್ರ ಅಷ್ಟು ನಯವಾದದ್ದು ಹೇಗೆ ಎಂದು ಕೇಳಲಿಲ್ಲ. ಕೇಳಬೇಕಿತ್ತು.

ಬನ್ನಿ ಹಬ್ಬದ ಹಿಂದಿನ ದಿನ, ಮಟಮಟ ಮಧ್ಯಾಹ್ನ, ಗಾಳಿಯ ಸುಳಿವೂ ಇಲ್ಲದ ಹೊತ್ತಿನಲ್ಲಿ ಒಂದು ಕಂಬ ಮುರಿಯಿತು. ತುದಿಯಲ್ಲಿದ್ದವನು ಲೈನ್‌ಮ್ಯಾನ್ ಯಮನೂರಪ್ಪ, ಹುಲಿಗೆವ್ವನ ಒಬ್ಬನೇ ಮಗ. ಮದುವೆಯಾಗಿ ಮೂರು ವರ್ಷವಾಗಿತ್ತು. ನಿಯಂತ್ರಣ ಕೋಣೆಯ ಮೌಲಾಲಿ ಆಗ ಅವನ ಜೊತೆ ಫೋನಿನಲ್ಲೇ ಇದ್ದ. ಕೊನೆಯ ಗಳಿಗೆಯವರೆಗೂ ಚುಕ್ಕೆ ಹಸಿರಾಗಿತ್ತು, ಆಮೇಲೆ ಇಲ್ಲವಾಯಿತು ಎಂದು ಅವನು ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಮೂರನೇ ದಿನಕ್ಕೆ ಸಂಘದವರು ಅನಸೂಯಾಳ ಮುಂದೆ ಕಾಗದ ಇಟ್ಟರು. ಬೆಳಕಿನ ದಾಖಲೆಯೆಲ್ಲ ಹಸಿರಿತ್ತು. ಕಂಬದಲ್ಲಿ ದೋಷ ಕಂಡುಬಂದಿಲ್ಲ ಎಂಬ ಸಾಲಿನ ಕೆಳಗೆ ಅವಳು ಸಹಿ ಹಾಕಿದಳು. ಆ ಸಾಲಿನ ಮುಂದೆ ಸಂಘದವರು ತಮ್ಮದೊಂದು ಸಾಲು ಸೇರಿಸಿದರು: ನೌಕರನು ಸೊಂಟದ ಪಟ್ಟಾವನ್ನು ಕಂಬದ ಕೆಂಪು ಗುರುತಿಗಿಂತ ಮೇಲಕ್ಕೆ ಕಟ್ಟಿ ಅತಿಯಾಗಿ ಹೊರಕ್ಕೆ ವಾಲಿದ್ದರಿಂದ ಅವಘಡ ಸಂಭವಿಸಿದೆ. ವಾರದೊಳಗೆ ಊರ ಕಟ್ಟೆಯ ಮೇಲೆಲ್ಲ ಅದೇ ಮಾತಾಯಿತು. ಸತ್ತವನು ಎದ್ದು ಬಂದು ಇಲ್ಲ ಎನ್ನುವಂತಿರಲಿಲ್ಲ.

ಮುರಿದ ತುಂಡುಗಳು ಪ್ರಯೋಗಾಲಯಕ್ಕೆ ಬಂದದ್ದು ಹದಿನೈದು ದಿನದ ಮೇಲೆ. ಮೇಲ್ತುಂಡಿಗೆ ಸುತ್ತಿದ ಗೋಣಿತಟ್ಟನ್ನು ಅನಸೂಯಾ ಬಿಚ್ಚಿದಳು. ಯಮನೂರಪ್ಪನ ಪಟ್ಟಾ ಅದರ ಸುತ್ತ ಕಟ್ಟಿದಂತೆಯೇ ಇತ್ತು. ಕೆಂಪು ಗುರುತಿಗಿಂತ ನಾಲ್ಕು ಬೆರಳು ಕೆಳಗೆ, ಗಂಟು ಬಿಗಿಯಾಗಿ, ಪಾಠದಲ್ಲಿ ಹೇಳಿಕೊಟ್ಟ ಹಾಗೆಯೇ ಕಟ್ಟಿದ್ದ. ಅವಳು ಕುರ್ಚಿಯಲ್ಲಿ ಕುಳಿತು ಬಹಳ ಹೊತ್ತು ಆ ಗಂಟನ್ನೇ ನೋಡಿದಳು. ದೋಷವಿಲ್ಲ ಎಂದು ಸಹಿ ಹಾಕಿದ ಕೈ ತನ್ನದೇ ಆಗಿತ್ತು.

ಕಂಬದಿಂದ ಪಟ್ಟಿಗಳನ್ನು ಕೊಯ್ದು ಯಂತ್ರಕ್ಕೆ ಕೊಟ್ಟಳು. ಎಳೆದು ನೋಡಿದರೆ ಇರಬೇಕಾದಷ್ಟೇ ಬಲ. ಎರಡು ಆಧಾರಗಳ ಮೇಲಿಟ್ಟು ನಡುವೆ ಒತ್ತಿ ಬಾಗಿಸಿದಾಗ ಮಾತ್ರ ಅರ್ಧ ಭಾರಕ್ಕೇ ಒಳಪದರಗಳು ಒಂದರ ಮೇಲೊಂದು ಜಾರಿದವು. ಎಳೆದಾಗ ಭಾರವನ್ನೆಲ್ಲ ಗಾಜೇ ಹೊತ್ತುಕೊಳ್ಳುತ್ತದೆ, ಪುಂಡಿಯ ಕೊರತೆ ಮುಚ್ಚಿಹೋಗುತ್ತದೆ. ಕೇಂದ್ರದಲ್ಲಿ ಇಷ್ಟು ದಿನ ಮಾಡಿದ್ದೆಲ್ಲ ಎಳೆದು ನೋಡುವ ಪರೀಕ್ಷೆಯೇ. ಅವಳು ಇಟ್ಟ ಕಿವಿಯೂ ಗಾಜಿನದು, ಅದಕ್ಕೆ ಗಾಜಿನ ನೋವಷ್ಟೇ ಕೇಳುತ್ತಿತ್ತು. ಪುಂಡಿಗೆ ಅವಳು ಕಿವಿ ಇಟ್ಟಿರಲೇ ಇಲ್ಲ.

ಸೂಕ್ಷ್ಮದರ್ಶಕದಲ್ಲಿ ಉಳಿದದ್ದು ಕಂಡಿತು. ಸರಿಯಾಗಿ ಅಂಟಿದ ನಾರು ಮುರಿದರೆ ಮೈತುಂಬ ರಾಳ ಹೊತ್ತುಕೊಂಡೇ ಮುರಿಯುತ್ತದೆ. ಇಲ್ಲಿ ನಾರು ತೊಳೆದಿಟ್ಟ ಹಾಗೆ ಸಲೀಸಾಗಿ ಹೊರಬಂದು ರಾಳದಲ್ಲಿ ತೂತು ಉಳಿದಿತ್ತು, ತೂತಿನ ಸುತ್ತ ಗುಳ್ಳೆಗಳು. ನಾರಿನಲ್ಲಿ ತೇವವಿತ್ತು. ರಾಳ ಕಾದಾಗ ತೇವ ಆವಿಯಾಗಿ ನಡುವೆ ನಿಂತು ನಾರು ರಾಳ ಎರಡನ್ನೂ ಕೂಡಗೊಟ್ಟಿರಲಿಲ್ಲ. ಅವಳಿಗೆ ಅರ್ಥವಾಗದ್ದು ಒಂದೇ. ಗುಳ್ಳೆಗಳು ಕಂಬದ ಉದ್ದಕ್ಕೂ ಇರಲಿಲ್ಲ. ಒಂದು ಗೇಣು ಗುಳ್ಳೆ, ಒಂದು ಗೇಣು ಚೊಕ್ಕ, ಮತ್ತೆ ಒಂದು ಗೇಣು ಗುಳ್ಳೆ. ಸುತ್ತುವ ಯಂತ್ರದ ಉರುಳೆಗಳನ್ನೆಲ್ಲ ಬಿಚ್ಚಿ ನೋಡಿದಳು, ಒಲೆಯ ಬಿಸಿ ಅಳೆದಳು. ಎಲ್ಲೂ ಗೇಣಿನ ಲೆಕ್ಕ ಕೂಡಿಬರಲಿಲ್ಲ.

ಅಷ್ಟರಲ್ಲಿ ಹವಾಮಾನದವರ ಎಚ್ಚರಿಕೆ ಬಂತು. ಗುರುವಾರ ದೊಡ್ಡ ಗಾಳಿ. ಗಾಳಿ ಬಂತೆಂದರೆ ಅದರ ಹಿಂದೆಯೇ ಲೈನ್‌ಮ್ಯಾನ್‌ಗಳು ಕಂಬ ಏರಬೇಕು. ತೇವದ ನಾರು ಮುನ್ನೂರ ಮೂವತ್ತೊಂಬತ್ತು ಕಂಬಗಳಲ್ಲಿ ಯಾವುದರ ಒಳಗಿದೆಯೋ ಗೊತ್ತಿಲ್ಲ. ಎಲ್ಲವನ್ನೂ ಇಳಿಸಲು ಮೂರು ತಿಂಗಳು ಬೇಕು, ಕೈಯಲ್ಲಿದ್ದದ್ದು ಮೂರು ದಿನ. ನಾರಿನ ಮಾತು ನಾರು ಬಲ್ಲವರನ್ನೇ ಕೇಳಬೇಕೆಂದು ಅನಸೂಯಾ ಸೋಮವಾರ ಬೆಳಿಗ್ಗೆ ಹೊನ್ನಗುಡ್ಡಕ್ಕೆ ಹೊರಟಳು. ಮಗ ಸತ್ತ ಮನೆಗೆ ಇಂಥ ಕೆಲಸಕ್ಕೆ ಹೋಗುವುದು ಸರಿಯೇ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಹುಲಿಗೆವ್ವ ಪಡಸಾಲೆಯಲ್ಲಿ ಕುಳಿತು ಪಕ್ಕದ ಮನೆಯ ಎಮ್ಮೆಗೆಂದು ಕಣ್ಣಿ ಹೊಸೆಯುತ್ತಿದ್ದಳು.

"ಬರ್ರಿ ಅಕ್ಕಾರ, ಕುಂದ್ರರಿ. ಸುಮ್ನ ಕುಂತ್ರ ಎದಿ ಹಿಂಡತೈತಿ, ಅದಕ ಕೈಗೊಂದ್ ಕೆಲಸ ಹಚ್ಚೀನಿ," ಎಂದಳು. ಒಳಗೆ ಮುಖ ಮಾಡಿ, "ರೇಣವ್ವಾ, ಅಕ್ಕಾರಿಗೆ ಚಾ ಇಡವ್ವ," ಎಂದು ಸೊಸೆಗೆ ಹೇಳಿದಳು.

ಅನಸೂಯಾ ಚೀಲದಿಂದ ಕಂಬದ ಪಟ್ಟಿಯೊಂದನ್ನು ತೆಗೆದು ತೋರಿಸಿದಳು. ಯಾವ ಕಂಬದ್ದು ಎಂದು ಹೇಳಲಿಲ್ಲ. "ಯವ್ವಾ, ಈ ನಾರಿನ್ಯಾಗ ಒಂದ್ ಗೇಣ ಹಸಿ, ಒಂದ್ ಗೇಣ ಒಣ ಇದ್ದಂಗ ಕಾಣತೈತಿ. ಕೊಳಿ ಹಾಕುವಾಗ ಹಿಂಗ ಆಗತೈತೇನು?"

"ಕೊಳಿ ಹಾಕಿದ್ದು ಗೇಣಿನ ಲೆಕ್ಕ ನೋಡಂಗಿಲ್ರಿ, ಪೂರಾ ದಂಟ ನೆನಿತೈತಿ," ಎನ್ನುತ್ತ ಹುಲಿಗೆವ್ವ ಪಕ್ಕದ ತೆಂಗಿನ ಚಿಪ್ಪಿನಲ್ಲಿದ್ದ ನೀರಿಗೆ ಅಂಗೈ ಅದ್ದಿ ಎಳೆಯ ಮೇಲೆ ಸವರಿದಳು. ಎಳೆ ಒಂದು ಗೇಣು ಮಿರುಗಿತು. ಮುಂದಿನ ಗೇಣಿಗೆ ಕೈಯ ನೀರು ಮುಗಿದಿತ್ತು. ಮತ್ತೆ ಅದ್ದಿದಳು, ಮತ್ತೆ ಒಂದು ಗೇಣು.

ಅನಸೂಯಾ ಆ ಕೈಯನ್ನೇ ನೋಡುತ್ತ ಕುಳಿತಳು. ಎದ್ದು ಹೋಗಿಬಿಡಬೇಕು, ಏನೂ ಕೇಳಬಾರದು ಅನ್ನಿಸಿತು. ಆದರೆ ಗುರುವಾರದ ಗಾಳಿ ಇತ್ತಲ್ಲ.

"ಕೇಂದ್ರದಾಗ ಒಲಿಯಿಂದ ತಗದ ನಾರಿಗೂ ಹಿಂಗ ನೀರ್ ಸವರತಿದ್ರೇನ್ರಿ?"

ಹುಲಿಗೆವ್ವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದಿಷ್ಟು ಹೆಮ್ಮೆ ಸುಳಿಯಿತು. "ಎಲ್ಲಾಕೂ ಇಲ್ರಿ. ಒಮ್ಮೆ ನೀವ ಎತ್ತಿ ಹಿಡದು ಹೊಗಳಿದ್ರೆಲ್ಲ, ಅವಕ್ಕ. ಒಲಿಯಾಗಿಂದ ಬಂದ ನಾರು ಜಡಿ ಕೆದರಿದಂಗ ಇರತಿತ್ತು. ಮೂರ ದಿನ ಅಷ್ಟ ಮಾಡೀನಿ. ಇವತ್ತ ಸುತ್ತೋ ಕಂಬ ನಮ್ಮ ಸೆಕ್ಷನ್ನಿಗೆ ಬರ್ತಾವಬೇ ಅಂತ ಯಮನೂರ ಹೇಳತಿದ್ದ. ನನ್ನ ಮಗ ಏರೋ ಕಂಬ, ಮಂದಿ ಮಾಡಿದಂಗ ಮಾಡಿ ಬಿಡಾಕ ಆಗತೈತೇನ್ರಿ? ಮುಂಜಾನಿಂದ ಸಂಜೀತನ ಒಂದೊಂದ ಎಳಿ ನಾನ ಕೈಯಾಡಿಸಿ ಯಂತ್ರಕ್ಕ ಕೊಟ್ಟೀನಿ."

ಒಣಗಿದ ನಾರನ್ನು ನೆನೆಸಬಾರದು ಎಂದು ಕೇಂದ್ರದ ಗೋಡೆಗೆ ದಪ್ಪಕ್ಷರದಲ್ಲಿ ಬರೆಸಿದ್ದವಳು ಅನಸೂಯಾಳೇ. ಓದು ಬರದವರಿಗೆ ಬಾಯಲ್ಲೂ ಹೇಳಿದ್ದಳು. ಆದರೆ ಹಗ್ಗದವರ ಮಾತಿನಲ್ಲಿ ನೆನೆದ ನಾರು ಎಂದರೆ ಹೊಂಡದಲ್ಲಿ ಹದಿನೈದು ದಿನ ಬಿದ್ದ ನಾರು. ಅಂಗೈ ತೇವ ಅವರ ಪಾಲಿಗೆ ನೀರೇ ಅಲ್ಲ, ಮಗುವಿನ ತಲೆ ಬಾಚುವಾಗ ಹಚ್ಚುವ ಎರಡು ಹನಿ ಎಣ್ಣೆಯ ಹಾಗೆ. ಹುಲಿಗೆವ್ವ ಯಾವ ನಿಯಮವನ್ನೂ ಮುರಿದಿರಲಿಲ್ಲ.

"ಯಾವ ಮೂರ ದಿನ, ನೆನಪೈತೇನ್ರಿ?"

"ಯಾಕಿಲ್ರಿ. ಕಾರಹುಣ್ಣಿಮಿ ಹಿಂದಿನ ದಿನ ಒಂದ. ಮಣ್ಣೆತ್ತಿನ ಅಮಾಸಿ ಆದ ಮೂರನೇ ದಿನ ಒಂದ. ಇನ್ನೊಂದ, ಪಂಚಮಿಗೆ ರೇಣವ್ವ ಉಂಡಿ ಕಟ್ಟಿದ್ಲಲ್ಲ, ಆವತ್ತ. ಬಿಸಿ ಉಂಡಿ ಎರಡ ಸೆರಗಿನ್ಯಾಗ ಕಟಗೊಂಡ ಹೋಗಿದ್ದೆ." ಅವಳು ಕಣ್ಣಿ ಹೊಸೆಯುವುದನ್ನು ನಿಲ್ಲಿಸಿದಳು. "ಯಾಕ ಕೇಳತೀರಿ ಅಕ್ಕಾರ?"

"ದಾಖಲಿಗೆ ಬೇಕಾಗಿತ್ರಿ," ಎಂದಳು ಅನಸೂಯಾ. ರೇಣವ್ವ ತಂದಿಟ್ಟ ಚಹಾವನ್ನು ಸುಡುಸುಡುತ್ತಲೇ ಕುಡಿದು ಎದ್ದಳು. ಸುಳ್ಳು ಹೇಳಿ ಅವಳಿಗೆ ರೂಢಿಯಿರಲಿಲ್ಲ.

ನಿಯಂತ್ರಣ ಕೋಣೆಯಲ್ಲಿ ಮೌಲಾಲಿ ಪಂಚಾಂಗ ತೆರೆದು ಮೂರು ದಿನಗಳ ತಾರೀಕು ಹಿಡಿದ. ಪ್ರತಿ ಕಂಬದ ಬುಡದಲ್ಲಿ ಸುತ್ತಿದ ತಾರೀಕು ಒತ್ತಿರುತ್ತದೆ. ದಿನಕ್ಕೆ ನಾಲ್ಕರಂತೆ ಹನ್ನೆರಡು ಕಂಬ. ಹುಲಿಗೆವ್ವ ಎಲ್ಲವೂ ಮಗನ ಸೆಕ್ಷನ್ನಿಗೆ ಹೋಗುತ್ತವೆ ಎಂದುಕೊಂಡಿದ್ದಳು, ಹೋದದ್ದು ಐದು. ಉಳಿದ ಏಳು ಬೇರೆ ಬೇರೆ ಊರಿನ ಹಾದಿಗಳಲ್ಲಿ ನಿಂತಿದ್ದವು. ಆ ಐದರಲ್ಲಿ ಒಂದು ಮುರಿದು ಹೋಗಿತ್ತು. ಗೋಡೆಯ ಮೇಲೆ ಉಳಿದ ಹನ್ನೊಂದೂ ಹಸಿರಾಗಿ ಹೊಳೆಯುತ್ತಿದ್ದವು.

"ಮೇಡಂ, ಈ ಹನ್ನೊಂದೂ ಬುಧವಾರದೊಳಗ ಇಳಸ್ತೀವ್ರಿ," ಎಂದ ಮೌಲಾಲಿ. "ಕಾರಣ ಏನಂತ ಬರೀಲಿ?"

"ಅದನ್ನ ನಾ ಬರೀತೀನಿ."

ಬರೆಯಲು ಕುಳಿತರೆ ಪೆನ್ನು ಮುಂದೆ ಹೋಗಲಿಲ್ಲ. ಕಂಬ ಇಳಿಸಿದರಾಯಿತು, ಇನ್ನು ಯಾರೂ ಸಾಯುವುದಿಲ್ಲ. ಬಾಯಿ ಮುಚ್ಚಿಕೊಂಡು ಇದ್ದುಬಿಟ್ಟರೆ ಒಬ್ಬ ತಾಯಿ, ನನ್ನ ಕೈಯೇ ನನ್ನ ಮಗನನ್ನು ಕೊಂದಿತು ಎಂಬುದನ್ನು ತಿಳಿಯದೆ ಉಳಿದ ದಿನ ಕಳೆದಾಳು. ಆದರೆ ಹಾಗೆ ಮಾಡಿದರೆ ಯಮನೂರಪ್ಪ ತಪ್ಪಿತಸ್ಥನಾಗಿಯೇ ಉಳಿಯುತ್ತಾನೆ. ಅನಸೂಯಾ ಬರೆದಳು, ಹರಿದಳು, ಮತ್ತೆ ಬರೆದಳು. ಕೊನೆಗೆ ಯಾರ ಹೆಸರೂ ಇಲ್ಲದ, ತಪ್ಪನ್ನೆಲ್ಲ ತನ್ನ ಮೇಲೆ ಎಳೆದುಕೊಂಡ ವರದಿಯೊಂದು ತಯಾರಾಯಿತು. ಆ ಮೂರು ದಿನಗಳ ಬಗ್ಗೆ ಹೇಳಿಕೆ ಕೊಟ್ಟವರ ಹೆಬ್ಬೆಟ್ಟು ಮಾತ್ರ ಅದಕ್ಕೆ ಬೇಕೇ ಬೇಕಿತ್ತು.

ಬುಧವಾರ ಮಧ್ಯಾಹ್ನ ಮತ್ತೆ ಹೊನ್ನಗುಡ್ಡಕ್ಕೆ ಹೋದಳು. ಹೆಬ್ಬೆಟ್ಟು ಒತ್ತುವ ಜಾಗ ತೋರಿಸಿದರೆ ಹುಲಿಗೆವ್ವ ಒಪ್ಪಲಿಲ್ಲ. "ಓದಿಸಿ ಕೇಳದ ಹೆಬ್ಬೆಟ್ಟ ಒತ್ತಬಾರದು ಅಂತ ಯಮನೂರ ಹೇಳತಿದ್ದ. ರೇಣವ್ವಾ, ಬಾ, ಓದು." ಹತ್ತನೇ ತರಗತಿವರೆಗೆ ಓದಿದ್ದ ರೇಣವ್ವ ಬಂದು ಅತ್ತೆಯ ಪಕ್ಕ ಕುಳಿತು ಕಾಗದ ಹಿಡಿದಳು.

"ಮೃತ ಯಮನೂರಪ್ಪ ಇವರು ಪಟ್ಟಾವನ್ನು ಗುರುತಿನ ಕೆಳಗೇ ಕಟ್ಟಿದ್ದು ಕಂಡುಬಂದಿದೆ. ಅವರಿಂದ ಯಾವುದೇ ತಪ್ಪು ಆಗಿರುವುದಿಲ್ಲ."

"ಇನ್ನೊಮ್ಮೆ ಓದು," ಎಂದಳು ಹುಲಿಗೆವ್ವ. ರೇಣವ್ವ ಇನ್ನೊಮ್ಮೆ ಓದಿದಳು. ಇಬ್ಬರ ಕಣ್ಣೂ ತುಂಬಿದವು.

"ಕಂಬದ ಒಳಪದರದ ನಾರಿಗೆ, ಕೇಂದ್ರದ ಮುಖ್ಯಸ್ಥರಾದ ನನ್ನ ಮೇಲ್ವಿಚಾರಣೆಯ ಕೊರತೆಯಿಂದ, ತೇವ ತಗುಲಿತ್ತು. ಹೀಗೆ ತೇವ ತಗುಲಿದ್ದು ಮೂರು ದಿನಗಳಲ್ಲಿ. ಕಾರಹುಣ್ಣಿಮೆಯ ಹಿಂದಿನ..."

ರೇಣವ್ವನ ದನಿ ನಿಂತಿತು. ಚಹಾ ಕಾಸುತ್ತ ಸೋಮವಾರ ಅವಳು ಒಳಗೇ ಇದ್ದಳು, ಎಲ್ಲ ಮಾತೂ ಕೇಳಿಸಿತ್ತು. ಕಾಗದದ ಮೇಲಿಂದ ಕಣ್ಣೆತ್ತಿ ಅನಸೂಯಾಳನ್ನು ನೋಡಿದಳು. ಹೌದೇ ಎಂದು ಆ ಕಣ್ಣು ಕೇಳುತ್ತಿತ್ತು. ಅನಸೂಯಾ ತಲೆ ತಗ್ಗಿಸಿದಳು.

"ಮುಂದ ಓದಬೇ."

"ಮುಂದ ಏನಿಲ್ಲ ಅತ್ತಿ," ಎಂದಳು ರೇಣವ್ವ. "ಸಹಿ ಅಷ್ಟ ಐತಿ."

"ನನಗ ಓದಾಕ ಬರಂಗಿಲ್ಲ, ಕಿವಿ ಕೇಳತಾವ. ಅರ್ಧಾ ಬಿಟ್ಟಿ. ಓದು."

ರೇಣವ್ವ ಓದಿದಳು. ಮೂರು ದಿನವನ್ನೂ ಒಂದೊಂದಾಗಿ ಓದಿದಳು. ಉಂಡಿ ಕಟ್ಟಿದ ದಿನ ಎಂದು ಕಾಗದದಲ್ಲಿ ಇರಲಿಲ್ಲ, ನಾಗರಪಂಚಮಿಯ ಮುನ್ನಾದಿನ ಎಂದಿತ್ತು. ಹುಲಿಗೆವ್ವ ತನ್ನ ಬಲಗೈಯನ್ನು ಮಡಿಲಲ್ಲಿ ಮೇಲ್ಮುಖ ಮಾಡಿ ಇಟ್ಟುಕೊಂಡು ನೋಡುತ್ತಿದ್ದಳು.

"ತೇವ ತಗಲಿತ್ತು ಅಂದ್ರೇನ್ರಿ ಅಕ್ಕಾರ?" ಎಂದಳು ಕೊನೆಗೆ. ದನಿ ಮೆತ್ತಗಿತ್ತು. "ತಾನ ಬಂದು ತಗಲತೈತೇನು? ತಗಲಿಸಿದವರು ಯಾರು?"

"ತಪ್ಪು ನಂದು ಯವ್ವಾ. ನಾರು ನೆನಸಬ್ಯಾಡ್ರಿ ಅಂದೆ, ಯಾಕ ಅಂತ ಯಾರಿಗೂ ಬಿಡಿಸಿ ಹೇಳಲಿಲ್ಲ. ನಿಮ್ಮ ಎಳಿ ಹಿಡದು ಹೊಗಳಿದಾಕಿ ನಾನು."

"ನೀವ ಹೊಗಳಿದ್ರಿ. ಕೈ ಹಚ್ಚಿದಾಕಿ ಯಾರು?"

ಅನಸೂಯಾ ಕಾಗದಕ್ಕೆ ಕೈ ಚಾಚಿದಳು, ಹುಲಿಗೆವ್ವ ಅದರ ಮೇಲೆ ಕೈಯಿಟ್ಟು ತಡೆದಳು.

"ಅದನ್ನ ಬರೀರಿ. ತಾನ ತಗಲಿತ್ತು ಅಂತ ಬರದ್ರ ಊರಾಗ ಯಾರೂ ನಂಬಂಗಿಲ್ಲ. ಅಕ್ಕಾರು ಮುದುಕಿ ಮಾರಿ ನೋಡಿ ಮಗನ ತಪ್ಪ ಮುಚ್ಯಾರ ಅಂತಾರ. ಹೆತ್ತಾಕಿ ತನ್ನ ಹೆಸರ ತಾನ ಬರಿಸ್ಯಾಳ ಅಂದ್ರ ನಂಬತಾರ." ಅವಳು ಸೊಸೆಯ ಕಡೆ ತಿರುಗಿದಳು. "ರೇಣವ್ವಾ, ಪೆನ್ನು ತಗೋ. ಯಮನೂರನ ತಾಯಿ ಹುಲಿಗೆವ್ವ, ಬ್ಯಾಡ ಅಂದ್ರೂ ನಾರಿಗೆ ಹಸಿ ಕೈ ಹಚ್ಚಿದಳು ಅಂತ ಬರಿ."

"ನನ್ನ ಕೈಲಿಂದ ಆಗಂಗಿಲ್ಲ ಅತ್ತಿ."

"ನಿನ್ನ ಗಂಡನ ಹೆಸರು ಕೆಟ್ಟೈತಿ. ನೀನ ಬರೀಬೇಕು."

ರೇಣವ್ವ ಬರೆದಳು. ಒಂದೊಂದು ಅಕ್ಷರಕ್ಕೂ ನಿಂತು ನಿಂತು, ಶಾಲೆಯ ಮಗು ಬರೆಯುವಂತೆ ಬರೆದಳು. ಹುಲಿಗೆವ್ವ ಶಾಯಿಗೆ ಹೆಬ್ಬೆಟ್ಟು ಅದ್ದಿ ಒತ್ತಿದಳು. ಅವಳು ಅಳಲಿಲ್ಲ. ಅನಸೂಯಾ ಜೀಪಿನಲ್ಲಿ ಕುಳಿತ ಮೇಲೆ ತನ್ನನ್ನು ತಡೆದುಕೊಳ್ಳಲಾಗದೆ ಅತ್ತಳು.

ಗುರುವಾರ ಗಾಳಿ ಬಂತು, ಹೇಳಿದ್ದಕ್ಕಿಂತ ಜೋರಾಗಿಯೇ ಬಂತು. ಕಂಬಗಳು ಬಾಗಿ ಬಾಗಿ ಎದ್ದವು. ಗೋಡೆಯ ತುಂಬ ಚುಕ್ಕೆಗಳು ಹಳದಿಗೆ ತಿರುಗಿ ಮತ್ತೆ ಹಸಿರಿಗೆ ಬಂದವು. ಗಾಳಿ ನಿಂತ ಮೇಲೆ ಲೈನ್‌ಮ್ಯಾನ್‌ಗಳು ಏರಿದರು, ಒಬ್ಬೊಬ್ಬರು ಏರುವಾಗಲೂ ಮೌಲಾಲಿ ಫೋನು ಹಿಡಿದೇ ಇದ್ದ. ಇಳಿಸಿ ತಂದಿದ್ದ ಹನ್ನೊಂದು ಕಂಬಗಳನ್ನು ಅನಸೂಯಾ ಅಷ್ಟರಲ್ಲಿ ಒಂದೊಂದಾಗಿ ಬಾಗಿಸಿ ನೋಡಿದ್ದಳು. ಒಂಬತ್ತು ಅರ್ಧ ಭಾರಕ್ಕೇ ಒಳಗೆ ಜಾರಿದವು.

ಶನಿವಾರ ಅವಳು ಹೊನ್ನಗುಡ್ಡಕ್ಕೆ ಹೋದಳು. ಸಂಘದವರು ಹಳೆಯ ಸಾಲು ಹೊಡೆದುಹಾಕಿ ಹೊಸ ವರದಿಯನ್ನು ಪಂಚಾಯಿತಿಯ ಹಲಗೆಗೆ ಅಂಟಿಸಿದ್ದರು, ಜನ ನಿಂತು ಓದುತ್ತಿದ್ದರು.

ಹುಲಿಗೆವ್ವ ಪಡಸಾಲೆಯ ಗೋಡೆಗೆ ಒರಗಿ ಕುಳಿತಿದ್ದಳು. ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡಿದ್ದಳು.

"ಎಷ್ಟ ಮಂದಿ ಏರಿದ್ರು ಅಕ್ಕಾರ?" ಎಂದು ಕೇಳಿದಳು.

"ಹದಿನಾಕ ಮಂದಿ."

"ಎಲ್ಲಾರೂ ಇಳದ್ರೇನು?"

"ಇಳದ್ರು ಯವ್ವಾ. ಎಲ್ಲಾರೂ ಇಳದ್ರು."

ಅವಳು ತಲೆಯಾಡಿಸಿದಳು. ಒಳಗಿನಿಂದ ರೇಣವ್ವ ರೊಟ್ಟಿ, ಹೆಸರುಕಾಳಿನ ತಾಟು ಹಿಡಿದು ಬಂದಳು. ಬುಧವಾರದಿಂದ ಅತ್ತೆ ಆ ಕೈಗಳಿಂದ ಏನನ್ನೂ ಮುಟ್ಟಿಲ್ಲ, ನೀರಿನ ಚೊಂಬೂ ಹಿಡಿದಿಲ್ಲ ಎಂದು ಅನಸೂಯಾಳಿಗೆ ಮೆಲ್ಲಗೆ ಹೇಳಿ, ಅತ್ತೆಯ ಎದುರು ಕುಕ್ಕರುಗಾಲಿನಲ್ಲಿ ಕುಳಿತು ತುತ್ತು ಮುರಿದು ಅವಳ ಬಾಯಿಯ ಹತ್ತಿರ ಹಿಡಿದಳು. ಹುಲಿಗೆವ್ವ ಮುಖ ಆಚೆ ತಿರುಗಿಸಿದಳು.

"ತಿನ್ನು ಅತ್ತಿ," ಎಂದಳು ರೇಣವ್ವ. "ನನಗೂ ಹಸಿವಿ ಆಗೇತಿ. ನೀ ತಿನ್ನದ ನಾ ಹೆಂಗ ತಿನ್ನಲಿ?"

ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒಂದು ಕೈಯಲ್ಲಿ ತಾಟು, ಇನ್ನೊಂದರಲ್ಲಿ ತುತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹುಲಿಗೆವ್ವ ಈಚೆ ತಿರುಗಿ ಬಾಯಿ ತೆರೆದಳು.